ಸುಟ್ಟರೆ ಹಗುರಾಗುವ ಕಲ್ಲು

ಬಳ್ಳಾರಿ ಸೀಮೆಯ ಒಂದು ಹೊಸ ಆಸ್ಪತ್ರೆ. ಹೆಸರು ಬೇಡ. ಹೋದ ಬೇಸಿಗೆಯಲ್ಲಿ ಒಳಗೆ ಕಾಲಿಟ್ಟಾಗ ಒಬ್ಬ ಹುಡುಗ ಉಳಿ, ಸುತ್ತಿಗೆ ಹಿಡಿದು ಗೋಡೆ ಕೆತ್ತುತ್ತಿದ್ದ. ಗಿಲಾವು ಮುಗಿದು ತಿಂಗಳೂ ಆಗಿರಲಿಲ್ಲ. ಯಾಕಪ್ಪಾ ಅಂದರೆ, "ಆಕ್ಸಿಜನ್ ಪೈಪ್ ಹಾಕೋದು ಮರ್ತಾರ್ರೀ ಸರ" ಅಂದ. ಅವನ ಕಾಲಬುಡದಲ್ಲಿ ಸಿಮೆಂಟ್ ಚೂರಿನ ರಾಶಿ. ಮಾಳಿಗೆ ಮೇಲೆ ಮಾತ್ರ ಸೋಲಾರ್ ಫಲಕ, ಗೇಟಿನಲ್ಲಿ 'ಹಸಿರು ಆಸ್ಪತ್ರೆ' ಅಂತ ಬೋರ್ಡು ಬೇರೆ!

ಸೋಲಾರ್ ಒಳ್ಳೆಯದೇ. ಆದರೆ ಕಟ್ಟಲು ಬೇಕಾದ ಸಿಮೆಂಟ್ ಮಾಡುವಾಗಲೇ ಗಾಳಿಗೆ ಹೊರಟುಹೋದ ಇಂಗಾಲವನ್ನು ಅದು ಹಿಡಿದು ತರಲಾರದು.

ಸುಣ್ಣದ ಭಟ್ಟಿ ಕಂಡ ಹಿರಿಯರಿಗೆ ಗೊತ್ತು, ಸುಟ್ಟರೆ ಕಲ್ಲು ಹಗುರಾಗುತ್ತದೆ. 100 ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ ಸಿಗುವುದು 56 ಕಿಲೋ ಸುಣ್ಣ. ಉಳಿದ 44 ಕಿಲೋ? ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿತು. ಅದು ಉರುವಲಿನ ಹೊಗೆಯಲ್ಲ, ಕಲ್ಲಿನದೇ ಉಸಿರು. ಕಣದಲ್ಲಿ ಹರಡಿದ ಮೆಣಸಿನಕಾಯಿ ಒಣಗಿ ಹಗುರಾಗುತ್ತಲ್ಲ, ಹಾಗೆ. ಅಲ್ಲಿ ನೀರು, ಇಲ್ಲಿ ಅನಿಲ. ಅಥವಾ ಹಾಲು ಬತ್ತಿಸಿ ಕೋವಾ ಮಾಡಿದ ಹಾಗೆ ಅನ್ನಿ. ಒಲೆ ಯಾವುದಾದರೇನು, ನೀರು ಹಾರದೆ ಕೋವಾ ಆಗುವುದಿಲ್ಲ. ಸಿಮೆಂಟು ಹುಟ್ಟುವುದೂ ಈ ಸುಣ್ಣದಕಲ್ಲಿನಿಂದಲೇ. ಅದರ ಗೂಡಿನಲ್ಲಿ ಕಲ್ಲನ್ನು ಸುಮಾರು 1,450 ಡಿಗ್ರಿಗೆ ಕಾಯಿಸುತ್ತಾರೆ. ಆ ಶಾಖವೆಲ್ಲ ಸೂರ್ಯನಿಂದಲೇ ಬಂದರೂ ಕಲ್ಲು ಉಸಿರು ಬಿಟ್ಟೇ ಬಿಡುತ್ತದೆ. ಹಾಗಾಗಿ ಇರುವ ದಾರಿ, ಸಿಮೆಂಟನ್ನೇ ಕಡಿಮೆ ಸುರಿಯುವುದು.

ಆಸ್ಪತ್ರೆಗೆ ಇದು ಸುಲಭ. ವಾರ್ಡಿನ ಕೋಣೆಗಳು ಇಡ್ಲಿ ತಟ್ಟೆಯ ಗುಳಿಗಳಂತೆ ಒಂದರ ಹಾಗೆ ಇನ್ನೊಂದು. ಪೈಪು, ವೈರು, ಬಚ್ಚಲ ಸಮೇತ ಕಾರ್ಖಾನೆಯಲ್ಲೇ ಕೋಣೆ ಮಾಡಿ, ಲಾರಿಯಲ್ಲಿ ತಂದು ಜೋಡಿಸಿದರಾಯಿತು. ಇದೇ ಮಾಡ್ಯುಲರ್ ಕಟ್ಟಡ. ಸುತ್ತಿಗೆಗೆ ಕೆಲಸವಿಲ್ಲ, ಸಿಮೆಂಟೂ ಕಡಿಮೆ. ಬೇಕಾದರೆ ಬಿಚ್ಚಿ ಇನ್ನೊಂದು ಊರಿಗೂ ಒಯ್ಯಬಹುದು. ಪಾಯಕ್ಕೆ ಬೇಕಾದ ಸಿಮೆಂಟಿನಲ್ಲೂ ಒಂದು ಪಾಲನ್ನು ತೋರಣಗಲ್ಲಿನ ಉಕ್ಕಿನ ಕುಲುಮೆಯಲ್ಲಿ ಉಳಿಯುವ ಕಿಟ್ಟದ, ಅಂದರೆ ಸ್ಲ್ಯಾಗಿನ, ಪುಡಿಯೋ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯೋ ತುಂಬಬಲ್ಲದು. (ಸ್ಲ್ಯಾಗ್ ಹುಟ್ಟುವಾಗಲೂ ಇಂಗಾಲ ಹಾರುತ್ತದೆ. ಅದನ್ನು ಉಕ್ಕಿನ ಖಾತೆಗೆ ಬರೆಯುತ್ತಾರೆ, ಅಷ್ಟೇ.)

ಜೋಡಿಸಿದ್ದು ಗಟ್ಟಿ ಇರಲ್ಲ ಅನ್ನುವವರು ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಿ ಬರಲಿ. ಅಲ್ಲಿನ ಮಹಾದೇವ ದೇವಾಲಯ 1112ರದ್ದು. ಕಂಬ, ಬೋದಿಗೆ, ತೊಲೆ ಎಲ್ಲ ಬೇರೆ ಬೇರೆ ಕಡೆದು ಒಂದರ ಮೇಲೊಂದು ಕೂರಿಸಿದ್ದು. ಇನ್ನು ಆಸ್ಪತ್ರೆಯೇ ಬೇಕೆಂದರೆ, ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ, 1855ರಲ್ಲಿ, ಎಂಜಿನಿಯರ್ ಬ್ರೂನೆಲ್ ಮರದ ವಾರ್ಡುಗಳನ್ನು ಇಂಗ್ಲೆಂಡಿನಲ್ಲಿ ಮಾಡಿಸಿ, ಹಡಗಿನಲ್ಲಿ ಟರ್ಕಿಯ ರೆಂಕಿಯೋಯ್‌ಗೆ ಕಳಿಸಿದ್ದ. ಬಿಸಿಲು ತಡೆಯಲು ಛಾವಣಿಗೆ ಹೊಳೆಯುವ ತಗಡು ಹೊದಿಸಿದ್ದ.

ಆ ತಗಡಿನ ಬುದ್ಧಿ ನಮಗೆ ಜಾಸ್ತಿ ಬೇಕು. ತೆಳು ಗೋಡೆಯ ಡಬ್ಬಿಯನ್ನು ರಾಯಚೂರಿನ ಮೇ ತಿಂಗಳಲ್ಲಿ ಸುಮ್ನೆ ಬಯಲಲ್ಲಿಟ್ಟರೆ ರೋಗಿ ಬೆಂದುಹೋಗುತ್ತಾನೆ. ಮತ್ತೆ ಎಸಿ, ಮತ್ತೆ ಕರೆಂಟು. ಬಾಗಿಲು ಯಾವ ದಿಕ್ಕಿಗೆ ಅಂತ ವಾಸ್ತು ಕೇಳುವವರು, ಸಂಜೆವರೆಗೆ ಬಿಸಿಲು ಕುಡಿಯುವ ಪಡುವಣ ಗೋಡೆಗೆ ಒಂದು ಬೇವಿನ ಮರವಿದೆಯಾ ಅಂತ ಕೇಳುವುದೇ ಇಲ್ಲ, ಅಲ್ವಾ? ಗೋಡೆಗೆ ನೆರಳು, ತಲೆಗೆ ಟೋಪಿ. ಛಾವಣಿಯಿಂದ ಒಂದಡಿ ಮೇಲೆ ಇನ್ನೊಂದು ಛಾವಣಿ, ನಡುವೆ ಗಾಳಿ ಆಡಬೇಕು. ಅದರ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಬಂದ ದಾರಿಗೇ ವಾಪಸ್. ಅಜ್ಜಿಯ ಎಲೆಅಡಿಕೆ ಡಬ್ಬಿಯ ಅಂಚಿಗೆ ಮೆತ್ತಿದ ಸುಣ್ಣ ಕಲ್ಲಾಗುತ್ತಿತ್ತಲ್ಲ, ಹಾಗೇ ಈ ಸುಣ್ಣವೂ ದಿನ ಕಳೆದಂತೆ, ಭಟ್ಟಿಯಲ್ಲಿ ಬಿಟ್ಟ ಉಸಿರನ್ನು ಗಾಳಿಯಿಂದ ಚೂರುಚೂರೇ ಎಳೆದುಕೊಳ್ಳುತ್ತ ಮತ್ತೆ ಕಲ್ಲಾಗುತ್ತದೆ.