ಕೀಲಿಮಣೆ ಯಾರದು, ಬಡ್ತಿ ಯಾರದು

ದಾವಣಗೆರೆಯ ಯಾವ ಸರ್ಕಾರಿ ಕಚೇರಿಗೆ ಹೋದರೂ ಈಗ ಎಲ್ಲರ ಮೇಜಿನ ಮೇಲೂ ಕೀಲಿಮಣೆಯಿದೆ. ಆದರೆ ದಿನವಿಡೀ ಅರ್ಜಿಯ ವಿವರ ತುಂಬುವ ಡಾಟಾ ಎಂಟ್ರಿ ಆಪರೇಟರ್ ಹಲವು ಕಡೆ ಹೊರಗುತ್ತಿಗೆಯವರು. ಕಡತಕ್ಕೆ ಟಿಪ್ಪಣಿ ಬರೆದು ಮಂಡಿಸುವ ವಿಷಯ ನಿರ್ವಾಹಕರಿಗೆ ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ) ಹುದ್ದೆಯಿಂದ ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ), ಅಲ್ಲಿಂದ ಮೇಲಕ್ಕೆ ದಾರಿಯಿದೆ. ಯಂತ್ರ ಇಬ್ಬರಿಗೂ ಒಂದೇ.

ಈ ವಿಂಗಡಣೆ ಕಂಪ್ಯೂಟರ್‌ಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಮಾಸ್ತಿಕೆ ಗಂಡಸರ ಕೆಲಸ. ಮಾಲೀಕನ ಪಕ್ಕದಲ್ಲಿ ಕೂತು ವ್ಯವಹಾರ ಕಲಿತ ಗುಮಾಸ್ತ ಮುಂದೆ ಪಾಲುದಾರನೂ ಆಗಬಹುದಿತ್ತು. ಟೈಪ್‌ರೈಟರ್ ಬಂತು, ಹೇಳಿ ಬರೆಸುವವರು ಬೇರೆ, ಅಚ್ಚು ಮಾಡುವವರು ಬೇರೆ ಆದರು. 1880ರಲ್ಲಿ ಅಲ್ಲಿನ ಬೆರಳಚ್ಚುಗಾರರು ಮತ್ತು ಶೀಘ್ರಲಿಪಿಗಾರರಲ್ಲಿ ಸುಮಾರು ಶೇ 40ರಷ್ಟಿದ್ದ ಹೆಂಗಸರು 1930ರ ಹೊತ್ತಿಗೆ ಶೇ 95 ದಾಟಿದ್ದರು. ವ್ಯವಹಾರ ಕಲಿಯುವ ಅವಕಾಶ ಮಾತ್ರ ಹೇಳಿ ಬರೆಸುವವರ ಬಳಿಯೇ ಉಳಿಯಿತು.

ಬ್ರಿಟನ್ನಿನದು ಇನ್ನೂ ವಿಚಿತ್ರ. ಸರ್ಕಾರಿ ನೌಕರಿಯಲ್ಲಿ ಸಮಾನ ವೇತನ 1955ರಿಂದ ಹಂತಹಂತವಾಗಿ ಜಾರಿಗೆ ಬಂದಾಗ, ಲೆಕ್ಕದ ಯಂತ್ರ ನಡೆಸುವ ದರ್ಜೆಗಳನ್ನು ಹೊರಗಿಟ್ಟರು. ಅಲ್ಲಿದ್ದವರೆಲ್ಲ ಹೆಂಗಸರು, ಹೋಲಿಸಲು ಗಂಡಸರೇ ಇಲ್ಲ ಎಂಬುದು ಕಾರಣ! ಕೆಲಸದ ಬೆಲೆ ಕಟ್ಟಿದ್ದು ಯಂತ್ರವನ್ನು ನೋಡಿಯಲ್ಲ, ಅದರ ಮುಂದೆ ಕೂತವರನ್ನು ನೋಡಿ.

ನಮ್ಮಲ್ಲಿ ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸಾದ ಹುಡುಗಿಯರಿಗೆ ಒಂದು ಕಾಲದಲ್ಲಿ ಮರ್ಯಾದೆಯ ನೌಕರಿ ಕಾದಿರುತ್ತಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವ 'ನುಡಿ' ತಂತ್ರಾಂಶ ಕಚೇರಿ ಸೇರಿದ ಮೇಲೆ ಅಧಿಕಾರಿಯೇ ಪತ್ರ ಟೈಪಿಸಬಲ್ಲ. ಆ ಕೌಶಲದ ಬೆಲೆ ಕುಸಿಯಿತು. ಇನ್ನೊಂದು ಕಡೆ, 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಜಗಳೂರಿನ ರೈತ ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು. ಕೈಬರಹದ ದಾಖಲೆ ಹಿಡಿದವರ ಹಿಡಿತವೂ ಸಡಿಲಿತು. ಕಂಪ್ಯೂಟರು ಅಧಿಕಾರವನ್ನು ಕದಲಿಸಬಲ್ಲದು, ದಿಕ್ಕನ್ನು ಅದು ತೀರ್ಮಾನಿಸುವುದಿಲ್ಲ.

ನಿಯಮ ಬರೆದಿಡಬಹುದಾದ, ಮತ್ತೆ ಮತ್ತೆ ಅದೇ ಆಗಿರುವ ಕೆಲಸವನ್ನು ಅದು ಮೊದಲು ನುಂಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2023ರ ಅಧ್ಯಯನದ ಪ್ರಕಾರ, ಕೃತಕ ಬುದ್ಧಿಮತ್ತೆ ಬಂದರೆ ಗುಮಾಸ್ತರ ಕೆಲಸಗಳಲ್ಲಿ ಶೇ 24ರಷ್ಟು ಹೆಚ್ಚಿನ ಪರಿಣಾಮಕ್ಕೆ ಸಿಗುತ್ತವೆ. ಯಂತ್ರದ ಪಾಲಾಗಬಹುದಾದ ಉದ್ಯೋಗಗಳ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಅವರು ಆ ಕುರ್ಚಿಗಳಲ್ಲೇ ಹೆಚ್ಚಾಗಿ ಕೂತಿದ್ದಾರೆ, ಅಷ್ಟೇ.

ಏಳುವುದೂ ಸುಲಭವಲ್ಲ. ಬಡ್ತಿಯ ಬೆನ್ನಿಗೇ ಸಾಮಾನ್ಯವಾಗಿ ವರ್ಗಾವಣೆ ಬರುತ್ತದೆ. ಮಕ್ಕಳ ಶಾಲೆ, ಅತ್ತೆ-ಮಾವನ ಆರೈಕೆ ಎಲ್ಲವನ್ನೂ ಹೊತ್ತವಳು ಬಡ್ತಿಯೇ ಬೇಡವೆಂದು ಬರೆದುಕೊಟ್ಟರೆ, ಅವಳಿಗೆ ಮಹತ್ವಾಕಾಂಕ್ಷೆಯಿಲ್ಲ ಎಂದು ಸಹೋದ್ಯೋಗಿಗಳು ಷರಾ ಬರೆಯುತ್ತಾರೆ. ಹೊಸ ತಂತ್ರಾಂಶದ ತರಬೇತಿ ಬೆಂಗಳೂರಿನಲ್ಲಿ ನಡೆದಾಗಲೂ ಇದೇ ಲೆಕ್ಕಾಚಾರ. ಇ-ಕಡತ ಜಿಲ್ಲೆಯ ಯಾವ ಮೂಲೆಯಿಂದಲೂ ತೆರೆಯುತ್ತದೆ ಎಂದಾದರೆ, ಬಡ್ತಿಗೆ ಊರು ಬಿಡಲೇಬೇಕಾದ ಹುದ್ದೆಗಳು ನಿಜವಾಗಿ ಎಷ್ಟು? ತರಬೇತಿಯನ್ನು ದಾವಣಗೆರೆಯಲ್ಲೇ, ಕಚೇರಿಯ ಹೊತ್ತಿನಲ್ಲೇ ಕೊಡಲು ಏನು ಅಡ್ಡಿ? ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.