ಕಾಂಟೆಸ್ಸಾ ಎಂಜಿನ್ ಮನೆಯಲ್ಲೇ ಇಳಿಸುವುದು: ಗೇರ್‌ಬಾಕ್ಸ್ ಬಿಡದಿದ್ದಾಗ ಎಲ್ಲಿ ನೋಡಬೇಕು

ಸ್ಪೋರ್ಟ್ಸ್ ಕಾರಿನ ಎಂಜಿನ್ ಇಳಿಸುವುದನ್ನು ಹಿಂದೂಸ್ತಾನ್ ಮೋಟಾರ್ಸ್‌ನ ಹಳೆಯ ಕಾಂಟೆಸ್ಸಾದಲ್ಲಿ ಕಲಿಯಿರಿ ಎಂದರೆ, ಅದು ಸ್ಪೋರ್ಟ್ಸ್ ಕಾರೇ ಅಲ್ಲ ಅನ್ನುವವರಿದ್ದಾರೆ. ಅವರ ಜೊತೆ ವಾದ ಬೇಡ. ಎಂಜಿನ್ ಇಳಿಸುವುದನ್ನು ಕಲಿಯೋಕೆ ಬೇಕಾದ ಜೋಡಣೆ ಅದರಲ್ಲಿದೆ. 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಆಕ್ಸಲ್‌ಗೆ. ಮಜ್ದಾ ಎಂಎಕ್ಸ್-5 ತರದ ಸ್ಪೋರ್ಟ್ಸ್ ಕಾರುಗಳಲ್ಲೂ ಕ್ರಮ ಇದೇ. ಬಾನೆಟ್ ಕೆಳಗೆ ಜಾಗ ಧಾರಾಳ, ಕಾರ್ಬುರೇಟರ್ ಆದ್ದರಿಂದ ವೈರಿಂಗ್ ಕಡಿಮೆ.

ಮೊದಲಿನ ಬಿಚ್ಚುವ ಕೆಲಸ ಕಷ್ಟದ್ದಲ್ಲ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಕೂಲಂಟ್ ಮತ್ತು ಆಯಿಲ್ ಇಳಿಸಿ, ಬಾನೆಟ್, ರೇಡಿಯೇಟರ್, ಫ್ಯಾನ್ ತೆಗೆದಿಡಿ. ಕೂಲಂಟ್ ಬಕೆಟ್ಟನ್ನು ಅಂಗಳದಲ್ಲಿ ತೆರೆದಿಡಬೇಡಿ. ಅದು ಸಿಹಿ, ವಿಷ. ನಾಯಿಯೋ ಕರುವೋ ನೆಕ್ಕಿದರೆ ಉಳಿಯುವುದು ಕಷ್ಟ. ಎಸಿ ಇದ್ದರೆ ಕಂಪ್ರೆಸರನ್ನು ಪೈಪ್ ಬಿಚ್ಚದೆ ಪಕ್ಕಕ್ಕೆ ಕಟ್ಟಿ. ಪೆಟ್ರೋಲ್ ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯಿರಿ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದರ ಆವಿ ಮುಚ್ಚಿದ ಶೆಡ್‌ನಲ್ಲಿ ನಿಂತುಬಿಡುತ್ತದೆ. ಸೈಲೆನ್ಸರ್ ಡೌನ್‌ಪೈಪಿನ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಬಿಚ್ಚಿ ನೇತುಹಾಕಿದ ಮೇಲೆ ಯಾರೂ ಪೆಡಲ್ ತುಳಿಯಬಾರದು, ಪಿಸ್ಟನ್ ಹೊರಗೆ ಹಾರುತ್ತದೆ. ಪ್ರತಿ ವೈರಿಗೆ ಟೇಪಿನ ಚೀಟಿ ಹಚ್ಚಿ, ಫೋಟೋ ತೆಗೆದುಕೊಳ್ಳಿ.

ಕ್ರೇನ್, ನೆಲ, ಸರಪಳಿ

ಬಾಗಲಕೋಟೆ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ತೊಲೆ ಕಂಡ ಕೂಡಲೇ ಚೈನ್ ಪುಲ್ಲಿ ತೂಗುಹಾಕುವ ಆಸೆ ಬರುತ್ತದೆ. ಆ ತೊಲೆ ಈಗಾಗಲೇ ಮೇಲ್ಮುದ್ದೆಯ ಮಣ್ಣು ಹೊತ್ತಿದೆ. ನಡುವೆ ಒಂದೇ ಕಡೆ ಬೀಳುವ ಭಾರಕ್ಕೆ ಅದನ್ನು ಇಟ್ಟವರು ಯಾರೂ ಇಲ್ಲ. ಮಡಚುವ 2 ಟನ್ ಕ್ರೇನ್ ತನ್ನಿ. ಆ 2 ಟನ್ ಕೂಡ ತೋಳು ಪೂರ್ತಿ ಒಳಗಿದ್ದಾಗ ಮಾತ್ರ. ಕೊನೆಯ ತೂತಿಗೆ ಎಳೆದರೆ ಸಾಮಾನ್ಯವಾಗಿ ಅರ್ಧ ಟನ್ ಅಷ್ಟೇ. ಕ್ರೇನಿನ ಜಾಕ್ ತಾನಾಗಿ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಸೀಲ್ ಹೋಗಿರುತ್ತದೆ. ಬೆಳಗಾವಿಯವರು ಉದ್ಯಮಬಾಗದ ಹೈಡ್ರಾಲಿಕ್ ಅಂಗಡಿಗಳಲ್ಲಿ ಹೊಸ ಸೀಲ್ ಮೊದಲೇ ಹಾಕಿಸಿಕೊಳ್ಳಿ.

ಶಹಾಬಾದಿ ಫರಸಿಯ ಸಂದಿಯಲ್ಲಿ ಕ್ರೇನಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ. ತೂಗುತ್ತಿರುವ ಎಂಜಿನ್ ಮಾತ್ರ ನಿಲ್ಲದೆ ಮುಂದಕ್ಕೆ ಓಲುತ್ತದೆ. 18 ಮಿ.ಮೀ. ಪ್ಲೈವುಡ್ ಹಾಸಿ. ಇನ್ನೂ ಒಳ್ಳೆಯದು, ಎಂಜಿನ್ ಮೇಲೆ ಬಂದ ಮೇಲೆ ಕ್ರೇನ್ ಮುಟ್ಟದೆ ಕಾರನ್ನೇ ಹಿಂದಕ್ಕೆ ತಳ್ಳುವುದು. ಕೆಳಗಿನ ಕೆಲಸಕ್ಕೆ ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿದ್ದರೆ, ತಳ್ಳುವ ಮೊದಲು ಸ್ಟ್ಯಾಂಡ್ ತೆಗೆದು ಗಾಲಿಗಳ ಮೇಲೆ ಇಳಿಸಿರಬೇಕು, ಗೇರ್‌ಬಾಕ್ಸಿನ ಆಧಾರವೂ ನೆಲದ ಮೇಲೆ ಇರಬಾರದು. ಅದರ ಉಪಾಯ ಕೆಳಗೆ ಇದೆ.

ಸರಪಳಿಯನ್ನು ಹೆಡ್‌ಗಿರುವ ಎತ್ತುವ ಕೊಂಡಿಗಳಿಗೆ ಹಾಕಿ, ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬೇಡ. ಗಿಡ್ಡ ಸರಪಳಿ ಬಿಗಿಯಾಗಿ ಕೂರುತ್ತದೆ ಅನ್ನಿಸಿದರೂ ಮೋಸ. ಎಂಜಿನ್ ತೂಕ 150 ಕೆ.ಜಿ. ಎಂದು ಹಿಡಿಯಿರಿ: ಸರಪಳಿಯ ಎರಡು ಕಾಲುಗಳು ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೆ ಸುಮಾರು 87 ಕೆ.ಜಿ., 30 ಡಿಗ್ರಿಗೆ ಮಲಗಿದರೆ ಒಂದೊಂದರ ಮೇಲೂ ಪೂರಾ 150. ಮೇಲಾಗಿ ಬೋಲ್ಟನ್ನು ಅಡ್ಡ ಎಳೆಯುತ್ತದೆ. ತೂಗುವ ಎಂಜಿನ್ನಿನ ಓರೆಯನ್ನು ಹಿಡಿಕೆ ತಿರುಗಿಸಿ ಬದಲಿಸುವ ಲೋಡ್ ಲೆವೆಲರ್ ಸಿಕ್ಕರೆ ಬಿಡಬೇಡಿ, ಮುಂದಿನ ಹಂತದ ಅರ್ಧ ಕೆಲಸ ಅದರ ಹಿಡಿಕೆಯದು.

ಗೇರ್‌ಬಾಕ್ಸಿನಿಂದ ಬಿಡಿಸುವುದು

ಎಂಜಿನ್ ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಎತ್ತುವವರಿದ್ದಾರೆ. ಎಂಎಕ್ಸ್-5ರಲ್ಲಿ ಅದೇ ಲೇಸು, ಅಲ್ಲಿ ಗೇರ್‌ಬಾಕ್ಸನ್ನು ಬಾಡಿಗೆ ಹಿಡಿಯುವ ಬೇರೆ ಮೌಂಟ್ ಇಲ್ಲ; ಉದ್ದನೆಯ ಅಲ್ಯೂಮಿನಿಯಂ ಫ್ರೇಮಿನಿಂದ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್‌ಗೆ ಕಟ್ಟಿರುತ್ತಾರೆ. ಒಟ್ಟಿಗೆ ಎತ್ತಲು ಕಡಿದಾದ ಓರೆ ಬೇಕು, ತೋಳು ಬಹಳ ಮೇಲೆ ಹೋಗಬೇಕು. ಮನೆಯ ಪೋರ್ಚಿನ ಸ್ಲ್ಯಾಬ್ ಅಡ್ಡ ಬರುತ್ತದೆ. ಆದ್ದರಿಂದ ಇಲ್ಲಿ ಎಂಜಿನ್ ಮಾತ್ರ.

ಒಳಗೆ ಏನಿದೆ ಎಂಬುದು ಕಣ್ಣಿಗೆ ಕಟ್ಟಬೇಕು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ತೂರಿ, ತುದಿ ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಪೈಲಟ್ ಬೇರಿಂಗಿನಲ್ಲಿ ಕೂತಿದೆ. ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗ, ಅಂದರೆ ಬೆಲ್‌ಹೌಸಿಂಗಿನ ಬೋಲ್ಟ್ ಎಲ್ಲ ತೆಗೆದರೂ ಎಂಜಿನ್ ಮೇಲಕ್ಕೆ ಬರುವುದಿಲ್ಲ. ಮೊದಲು ಮುಂದಕ್ಕೆ, ಒರೆಯಿಂದ ಕತ್ತಿ ಎಳೆದಂತೆ ನೇರವಾಗಿ, ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಸರಿಯಬೇಕು. ಅದಕ್ಕೂ ಮೊದಲೇ ಎತ್ತಿದರೆ ಭಾರವೆಲ್ಲ ಆ ಶಾಫ್ಟಿನ ಮೇಲೆ ಬಿದ್ದು ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಮತ್ತೆ ಜೋಡಿಸಿದ ಮೇಲೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕರಕರ ಅನ್ನುತ್ತದೆ.

ಕ್ರೇನ್ ಎಷ್ಟು ಬಿಗಿಯಬೇಕು? ಅಳತೆ ಎಂಜಿನ್ ಮೌಂಟಿನ ಬೋಲ್ಟಿನಲ್ಲಿದೆ. ನಟ್ಟು ತೆಗೆದ ಮೇಲೆ ಬೋಲ್ಟನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ಕ್ರೇನಿನ ಜಾಕಿಗೆ ಅರ್ಧ ಒತ್ತು ಕೊಡಿ, ಮತ್ತೆ ತಿರುಗಿಸಿ ನೋಡಿ. ಬೋಲ್ಟ್ ಬೆರಳಿಗೇ ಜಾರಿ ಹೊರಬಂದ ಗಳಿಗೆಗೆ ಮೌಂಟಿನ ಮೇಲೆ ಭಾರವೂ ಇಲ್ಲ, ಎಳೆತವೂ ಇಲ್ಲ. ಅಲ್ಲಿಗೆ ನಿಲ್ಲಿಸಿ. ಇದಕ್ಕಿಂತ ಹೆಚ್ಚು ಅಥವಾ ಕಡಿಮೆ ಎತ್ತಿದರೆ ಎಂಜಿನ್ನನ್ನೂ ಬೆಲ್‌ಹೌಸಿಂಗನ್ನೂ ನೇರಕ್ಕೆ ಹಿಡಿಯುವ ಡೌವೆಲ್ ಪಿನ್ನುಗಳು ಓರೆಯಾಗಿ ಕಚ್ಚುತ್ತವೆ. ಜನ ತುಕ್ಕು ಎಂದು ಬೈಯುವುದು ಬಹಳ ಸಲ ಈ ಕಚ್ಚನ್ನೇ.

ಈಗ ಬೆಲ್‌ಹೌಸಿಂಗಿನ ಕೆಳಗೆ ಮರದ ತುಂಡು ಇಟ್ಟು ಎರಡನೇ ಜಾಕ್ ತಾಗಿಸಿ. ಬೋಲ್ಟ್ ತೆಗೆಯಿರಿ, ಮೇಲಿನವು ಕೆಳಗಡೆಯಿಂದ ಉದ್ದ ಎಕ್ಸ್‌ಟೆನ್ಷನ್ ಹಾಕಿದರೆ ಮಾತ್ರ ಸಿಗುತ್ತವೆ. ಸ್ಟಾರ್ಟರ್ ತೆಗೆದಿದೆಯೇ ನೋಡಿ. ಎಂಜಿನ್ ಅಲುಗಿಸಿ 3-4 ಮಿ.ಮೀ. ಸಂದಿ ಬಂತೆಂದರೆ ಎಳೆಯುವುದು ನಿಲ್ಲಿಸಿ, ಟಾರ್ಚ್ ಹಿಡಿದು ಸಂದಿಯನ್ನು ಸುತ್ತಲೂ ನೋಡಿ.

ಸಂದಿ ಮೇಲ್ಗಡೆ ಅಗಲ, ಕೆಳಗೆ ಕಿರಿದು ಅಂದರೆ ಎಂಜಿನ್ನಿನ ಮೂತಿ ಕೆಳಗೆ ಬಾಗಿದೆ. ಲೆವೆಲರ್ ತಿರುಗಿಸಿ ಮೂತಿ ಎತ್ತಿ. ಕೆಳಗೆ ಅಗಲ, ಮೇಲೆ ಕಿರಿದು ಅಂದರೆ ಎಂಜಿನ್ನಿನ ಮೂತಿ ಹೆಚ್ಚು ಎದ್ದಿದೆ, ಇಲ್ಲವೇ ಗೇರ್‌ಬಾಕ್ಸಿನ ಮುಂಭಾಗ ಜೋತಿದೆ. ಮೊದಲು ಗೇರ್‌ಬಾಕ್ಸ್ ಜಾಕನ್ನು ತುಸು ಏರಿಸಿ ನೋಡಿ, ಆಮೇಲೆ ಲೆವೆಲರ್. ಎಡ ಬಲದಲ್ಲಿ ವ್ಯತ್ಯಾಸವಿದ್ದರೆ ಎಂಜಿನ್ನಿನ ಮೂತಿ ಪಕ್ಕಕ್ಕೆ ತಿರುಗಿದೆ, ಕೈಯಿಂದಲೇ ಸರಿಪಡಿಸಬಹುದು. ಸುತ್ತಲೂ ಒಂದೇ ಸಮ ಆದಾಗ ಇಬ್ಬರು ಎಳೆದರೆ ಬರುತ್ತದೆ. ಬರದಿದ್ದರೆ ಉಳಿದ ಬೋಲ್ಟ್ ಹುಡುಕಿ, ಸಂದಿಗೆ ಕಬ್ಬಿಣದ ಸಲಾಕೆ ತುರುಕಬೇಡಿ. ಅಲ್ಯೂಮಿನಿಯಂ ಮುಖಕ್ಕೆ ಕಚ್ಚು ಬಿದ್ದರೆ ಮುಂದೆ ಸಮವಾಗಿ ಕೂರುವುದೇ ಇಲ್ಲ.

ಶಾಫ್ಟ್ ಹೊರಬಂದ ಮೇಲೆ, ಎಂಜಿನ್ ಎತ್ತುವ ಮುನ್ನ, ಆ ಉಪಾಯ: ಎರಡೂ ಫೆಂಡರಿನ ಒಳಗಟ್ಟಿನ ಮೇಲೆ ಬಟ್ಟೆ ಹಾಸಿ ಒಂದು ಜಿಐ ಪೈಪು ಅಡ್ಡ ಇಟ್ಟು, ಅದರಿಂದ ಬೆಲ್‌ಹೌಸಿಂಗನ್ನು ಪಟ್ಟಿಯಲ್ಲಿ ತೂಗುಹಾಕಿ. ಪೈಪು ಎತ್ತುವ ದಾರಿಗಿಂತ ಹಿಂದೆ, ಎಂಜಿನ್ ಜಾಗದ ಹಿಂದಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್ ಹತ್ತಿರ ಇರಲಿ. ಆಗ ಕೆಳಗಿನ ಜಾಕ್ ತೆಗೆದು ಕಾರನ್ನು ತಳ್ಳಬಹುದು.

ಮೊದಲ 5 ಸೆಂ.ಮೀ. ಎತ್ತಿ ನಿಲ್ಲಿಸಿ. ಎಲ್ಲರೂ ಮರೆಯುವುದು ಎಂಜಿನ್ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ, ಆಮೇಲೆ ಟೆಂಪರೇಚರ್ ಸೆನ್ಸರಿನ ವೈರು, ಹೀಟರ್ ಹೋಸ್. ಯಾವುದಾದರೂ ಬಿಗಿಯುತ್ತಿದೆಯೇ ನೋಡಿ. ತೂಗುವ ಎಂಜಿನ್ ಕೆಳಗೆ ಕೈಯೂ ಬೇಡ.

ಮರಳಿ ಕೂರಿಸುವಾಗಲೂ ಇದೇ ಸಂದಿಯ ಲೆಕ್ಕ. ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಟೂಲಿನಿಂದ ನಡುವಿಗೆ ತನ್ನಿ. ಕೊನೆಯ ಒಂದು ಸೆಂ.ಮೀ. ಮುಚ್ಚದಿದ್ದರೆ ಗೇರ್ ಹಾಕಿ, ಹಿಂದಿನ ಗಾಲಿ ತಿರುಗದಂತೆ ಹ್ಯಾಂಡ್‌ಬ್ರೇಕ್ ಎಳೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಇಟ್ಟು ಮೆಲ್ಲಗೆ ತಿರುಗಿಸಿ. ಹಲ್ಲು ಹಲ್ಲಿಗೆ ಸಿಕ್ಕಿ ತಾನೇ ಕೂರುತ್ತದೆ. ಬೋಲ್ಟ್ ಬಿಗಿದು ಎಳೆಯಬೇಡಿ, ಬೆಲ್‌ಹೌಸಿಂಗಿನ ಕಿವಿ ಮುರಿಯುತ್ತದೆ.

ಇಳಿಸಿದ ಎಂಜಿನ್ನನ್ನು ಕೆಲಸಕ್ಕೆ ಕೂರಿಸುವ ಎಂಜಿನ್ ಸ್ಟ್ಯಾಂಡಿನ ತೋಳುಗಳು ಬೆಲ್‌ಹೌಸಿಂಗಿನ ಬೋಲ್ಟ್ ತೂತುಗಳಿಗೇ ಬರುವುದರಿಂದ, ಎಂಜಿನ್ ಕ್ರೇನಿನಲ್ಲಿ ತೂಗುತ್ತಿರುವಾಗಲೇ ನೆಲಕ್ಕೆ ಹತ್ತಿರ ಇಳಿಸಿ ಕ್ಲಚ್, ಫ್ಲೈವೀಲ್ ತೆಗೆಯಿರಿ. ಫ್ಲೈವೀಲಿಗೂ ಕ್ರ್ಯಾಂಕಿಗೂ ಒಂದೊಂದು ಪಂಚ್ ಗುರುತು ಹಾಕಿ. ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಎರಡನ್ನೂ ಆಗಲೇ ಬದಲಿಸಿ.