ಮೊದಲು ಪ್ಲಗ್, ಆಮೇಲೆ ಪಿಕಪ್

ಹೋದ ತಿಂಗಳು ಒಂದು ಶನಿವಾರ ಸಂಜೆ ನಮ್ಮ ವರ್ಕ್‌ಶಾಪಿಗೆ ಒಬ್ಬ ಹುಡುಗ ಬಂದ. ಐಟಿ ಕೆಲಸ, ಬನಶಂಕರಿಯಲ್ಲಿ ಬಾಡಿಗೆ ಮನೆ. "ಅಣ್ಣಾ, ಎಲೆಕ್ಟ್ರಿಕ್ ತಗೋಬೇಕು ಅಂತಿದ್ದೀನಿ. ಸ್ಕೂಟರ್ ಅಲ್ಲ, ಬೈಕು. ಪಿಕಪ್ ಚೆನ್ನಾಗಿರೋದು ಯಾವ್ದು?" ಅಂದ.

"ನಿಮ್ಮ ಮನೆ ಎಷ್ಟನೇ ಫ್ಲೋರು?" ಅಂತ ಕೇಳಿದೆ.

ಒಂದು ನಿಮಿಷ ನನ್ನ ಮುಖ ನೋಡಿದ. "ಮೂರನೇದು."

"ಗಾಡಿ ಎಲ್ಲಿ ನಿಲ್ಲಿಸ್ತೀರಾ?"

"ಕೆಳಗೆ, ಗೇಟ್ ಪಕ್ಕ."

"ಅಲ್ಲಿ ಪ್ಲಗ್ ಇದೆಯಾ?"

ಇರಲಿಲ್ಲ. ಆ ಬಗ್ಗೆ ಅವನು ಯೋಚನೆಯನ್ನೇ ಮಾಡಿರಲಿಲ್ಲ.

ನಾನು ಹದಿನೈದು ವರ್ಷ ಪೆಟ್ರೋಲ್ ಬೈಕ್ ಬಿಚ್ಚಿ ಕಟ್ಟಿದವನು. ಈಗ ಆರು ವರ್ಷದಿಂದ ಎಲೆಕ್ಟ್ರಿಕ್ ಗಾಡಿಗಳ ಕೆಲಸ. ಕೊಳ್ಳುವ ಮೊದಲು ಬರುವವರೆಲ್ಲ ಪಿಕಪ್ ಕೇಳುತ್ತಾರೆ. ಕೊಂಡ ಮೇಲೆ ಬರುವವರಲ್ಲಿ ಪಿಕಪ್ ಸಾಲದು ಅಂದವರನ್ನು ನಾನು ಕಂಡಿಲ್ಲ. ಅವರ ತಕರಾರು ಎರಡೇ: ಚಾರ್ಜಿಂಗ್ ಮತ್ತು ಬಿಸಿ.

ಪಿಕಪ್ ವಿಷಯ ಬೇಗ ಮುಗಿಸಿಬಿಡೋಣ. ಪೆಟ್ರೋಲ್ ಎಂಜಿನ್ ಒಂದಷ್ಟು ಆರ್‌ಪಿಎಂ ಏರಿದ ಮೇಲೆ ಎಳೆತ ಕೊಡುತ್ತದೆ. ಕರೆಂಟ್ ಮೋಟರ್ ಸೊನ್ನೆಯಿಂದಲೇ ಕೊಡುತ್ತದೆ. ಹಾಗಾಗಿ 3 ಕಿಲೋವ್ಯಾಟ್ ಮೋಟರಿನ ರಿವೋಲ್ಟ್ ಆರ್‌ವಿ400 ಕೂಡ ಸಿಗ್ನಲ್ ಬಿಟ್ಟ ತಕ್ಷಣ ಚುರುಕಾಗಿಯೇ ಹೊರಡುತ್ತದೆ. ಇನ್ನು ನಮ್ಮ ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ ಎಫ್77 ಮ್ಯಾಕ್ 2 ಬೇರೆಯೇ ಲೋಕ. 2024ರ ಏಪ್ರಿಲ್‌ನಲ್ಲಿ ಬಂದಾಗ ಅದರ ಎಕ್ಸ್-ಶೋರೂಮ್ ಬೆಲೆ 2.99 ಲಕ್ಷದಿಂದ ಶುರುವಾಗಿತ್ತು. ದೊಡ್ಡ ಮಾಡೆಲ್‌ಗೆ 30 ಕಿಲೋವ್ಯಾಟ್ ಪವರ್, 100 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಎಳೆತ), ಗಂಟೆಗೆ 155 ಕಿ.ಮೀ. ವೇಗ. ತೂಕ 200 ಕಿಲೋ ಆಸುಪಾಸು. ಕ್ಲಚ್ ಇಲ್ಲ. ಹೆದರಿ ಕೈ ಗಟ್ಟಿ ಹಿಡಿದರೆ ಆಕ್ಸಿಲರೇಟರ್ ಇನ್ನೂ ತಿರುಗುತ್ತದೆ, ಕ್ಲಚ್ ಒತ್ತಿ ಬಚಾವಾಗೋಣ ಅಂದರೆ ಅದು ಇಲ್ಲವೇ ಇಲ್ಲ. ಸ್ಪ್ಲೆಂಡರಿನಿಂದ ನೇರ ಇದಕ್ಕೆ ಹಾರುವವರಿಗೆ ನಾನು ಹೇಳುವುದು, ಮೊದಲ ತಿಂಗಳು ಕಡಿಮೆ ಪವರ್ ಮೋಡ್‌ನಲ್ಲೇ ಓಡಿಸಿ ಅಂತ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ ಕಿಲೋವ್ಯಾಟ್ ಸಾಮಾನ್ಯವಾಗಿ ಪೀಕ್ ಪವರ್. ಅಂದರೆ ಸ್ವಲ್ಪ ಹೊತ್ತಿಗೆ ಕೊಡಬಲ್ಲ ಗರಿಷ್ಠ ಪವರ್. ಒಂದೇ ಸಮ ಎಷ್ಟು ಕೊಡುತ್ತದೆ ಅನ್ನುವುದು ಇನ್ನೊಂದು ಅಂಕಿ. ಅದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಇವೆರಡರ ನಡುವಿನ ಅಂತರಕ್ಕೆ ಕಾರಣ ಬಿಸಿ. ಎಳೆತ ಎರಡು ಪಟ್ಟು ಬೇಕಾದರೆ ಮೋಟರಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಕರೆಂಟ್ ಹರಿಯಬೇಕು. ಆಗ ತಾಮ್ರದ ಸುರುಳಿಯಲ್ಲಿ ಹುಟ್ಟುವ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆ ಶಾಖ ಹೊರಗೆ ಹೋಗದಿದ್ದರೆ, ಮೋಟರಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರ್ ತಾನೇ ಪವರ್ ಇಳಿಸುತ್ತದೆ. ಗಾಡಿ ಕೆಟ್ಟಿರುವುದಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ. ಆದರೆ ಲಾರಿ ಓವರ್‌ಟೇಕ್ ಮಾಡುವಾಗ ಹಾಗಾದರೆ ಸವಾರನಿಗೆ ಎದೆ ಧಸಕ್ ಅನ್ನುತ್ತದೆ.

ಶೋರೂಮಿನವರು ಕೊಡುವ ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಎಸಿ ರೂಮಿನಿಂದ ತಣ್ಣಗೆ ಹೊರಬಂದ ಗಾಡಿ, ಫುಲ್ ಚಾರ್ಜ್. ಯಾವ ಬೈಕಾದರೂ ಹಾರುತ್ತದೆ. ಸಾಧ್ಯವಾದರೆ ಮಧ್ಯಾಹ್ನ ಹೋಗಿ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ. ಅರ್ಧ ಗಂಟೆ ಓಡಿಸಿ, ಒಂದು ಉದ್ದದ ಏರು ಹತ್ತಿಸಿ. ಬ್ಯಾಟರಿ 20 ಪರ್ಸೆಂಟ್‌ಗೆ ಇಳಿದಿರುವ ಡೆಮೊ ಗಾಡಿ ಸಿಕ್ಕರೆ ಅದನ್ನೇ ಕೇಳಿ ತಗೊಳ್ಳಿ. ಚಾರ್ಜ್ ಇಳಿದಂತೆ ವೋಲ್ಟೇಜ್ ಕುಸಿಯುತ್ತದೆ, ಗಾಡಿಯ ನಿಜವಾದ ಪಿಕಪ್ ಅಲ್ಲಿ ಕಾಣುತ್ತದೆ. ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡುತ್ತಾನೆ. ನೋಡಲಿ ಬಿಡಿ, ದುಡ್ಡು ನಿಮ್ಮದು ಅಲ್ವಾ?

ರೇಂಜ್ ಬಗ್ಗೆಯೂ ಇದೇ ಕಥೆ. ಬ್ಯಾಟರಿಯ ಅಳತೆ ಕಿಲೋವ್ಯಾಟ್ ಅವರ್. ಅದು ಬೇರೇನೂ ಅಲ್ಲ, ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಎಫ್77ರ ದೊಡ್ಡ ಬ್ಯಾಟರಿ 10.3 ಯೂನಿಟ್, ಓಬೆನ್ ಕಂಪನಿಯ ರೋರ್ ಬೈಕಿನದು 4.4, ಆರ್‌ವಿ400ನದು 3.24. ಕಂಪನಿ ಹೇಳುವ ಐಡಿಸಿ (ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನುವ ಪರೀಕ್ಷೆಯ) ರೇಂಜ್ ಲ್ಯಾಬಿನಲ್ಲಿ ರೋಲರ್ ಮೇಲೆ ಅಳೆದದ್ದು. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 42 ಕಿ.ಮೀ. ದಾಟುವುದಿಲ್ಲ. 155ರಲ್ಲಿ ಓಡುವ ಬೈಕಿಗೆ 42ರ ಪರೀಕ್ಷೆ! ಎಫ್77ರ 323 ಕಿ.ಮೀ. ಅನ್ನುವ ಅಂಕಿ ಸುಳ್ಳಲ್ಲ, ಆದರೆ ಅದು ತುಮಕೂರು ರೋಡಿನ ಅಂಕಿಯೂ ಅಲ್ಲ.

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಸವಾರ ಸೇರಿ 280 ಕಿಲೋ ಇರುವ ಬೈಕಿಗೆ ನಾನು ಹಾಕಿಕೊಂಡಿರುವ ಅಂದಾಜು ಹೀಗಿದೆ: 60ರಲ್ಲಿ ಹೋದರೆ ಕಿಲೋಮೀಟರಿಗೆ 40 ವ್ಯಾಟ್ ಅವರ್ (ಸಾವಿರ ಸೇರಿದರೆ ಒಂದು ಯೂನಿಟ್), 100ರಲ್ಲಿ ಹೋದರೆ 90ರ ಹತ್ತಿರ. ಅಂದರೆ 10.3 ಯೂನಿಟ್ ಬ್ಯಾಟರಿ 60ರಲ್ಲಿ 250 ಕಿ.ಮೀ. ಕೊಡಬಹುದು, 100ರಲ್ಲಿ 115. ಬೆಂಗಳೂರಿನಿಂದ ಹೊರಟು 80ರಲ್ಲಿ ಹೋದವನು ಮೈಸೂರಿನಲ್ಲಿ ಆರಾಮಾಗಿ ಮಸಾಲೆ ದೋಸೆ ತಿನ್ನುತ್ತಾನೆ, 120ರಲ್ಲಿ ಹೋದವನು ಮದ್ದೂರು ದಾಟುವ ಮೊದಲೇ ಪ್ಲಗ್ ಹುಡುಕಲು ಶುರು ಮಾಡುತ್ತಾನೆ.

ಈಗ ಪ್ಲಗ್ ವಿಷಯಕ್ಕೆ ಬರೋಣ. ನನ್ನ ಹತ್ತಿರ ಕರಗಿಹೋದ ಎಕ್ಸ್‌ಟೆನ್ಷನ್ ಬಾಕ್ಸ್‌ಗಳ ಒಂದು ಸಣ್ಣ ಸಂಗ್ರಹವೇ ಇದೆ. ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ. ಮೊಬೈಲ್ ಚಾರ್ಜ್ ಮಾಡುವ 5 ಆಂಪ್ ಪ್ಲಗ್‌ನಿಂದ ಸಿಗುವುದು ಹೆಚ್ಚೆಂದರೆ 1,150 ವ್ಯಾಟ್. ದೊಡ್ಡ ಬೈಕುಗಳ ವೇಗದ ಚಾರ್ಜರ್ 3 ಕಿಲೋವ್ಯಾಟ್ ಮೇಲೆ ಎಳೆಯುತ್ತದೆ, ಅದೂ ಮೂರು ನಾಲ್ಕು ಗಂಟೆ ಒಂದೇ ಸಮ. ಗೀಸರ್ ಇಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಇದು ಆಗುವುದಿಲ್ಲ. ಹಳೇ ಮನೆಯ ಸಣ್ಣ ವೈರಿಗೆ ಇದು ತಡೆಯುವುದಿಲ್ಲ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ. ಕನಿಷ್ಠ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ದೂರ ಜಾಸ್ತಿ ಇದ್ದರೆ 4. ಅದಕ್ಕೊಂದು 16 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), ಒಂದು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್). ಅರ್ತಿಂಗ್ ಚೆನ್ನಾಗಿರಲಿ. ಅರ್ತಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಚಾರ್ಜರ್‌ಗಳು ಆನ್ ಆಗುವುದೇ ಇಲ್ಲ. ಜನ ಚಾರ್ಜರ್ ಕೆಟ್ಟಿದೆ ಅಂತ ಹೊತ್ತುಕೊಂಡು ನನ್ನ ಹತ್ತಿರ ಬರುತ್ತಾರೆ. ಇಲ್ಲಿ ಹಾಕಿದರೆ ನಗುನಗುತ್ತಾ ಓಡುತ್ತದೆ.

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಮೊದಲು, ಬುಕಿಂಗ್ ಆಮೇಲೆ. ನಿಮ್ಮ ಮೀಟರಿನಿಂದಲೇ ಲೈನ್ ಬರುತ್ತದೆ ಅಂತ ತೋರಿಸಿದರೆ ಬಹಳ ಓನರುಗಳು ಒಪ್ಪುತ್ತಾರೆ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ನೋಡಿ. 2 ಕಿಲೋವ್ಯಾಟ್ ಇದ್ದರೆ ಏರಿಸಬೇಕಾಗುತ್ತದೆ.

ಗೃಹಜ್ಯೋತಿ ಇರುವವರಿಗೆ ಇನ್ನೊಂದು ಲೆಕ್ಕವಿದೆ. ದಿನಕ್ಕೆ 40 ಕಿ.ಮೀ. ಓಡಿಸಿದರೆ ಚಾರ್ಜರ್ ತಿನ್ನುವುದೂ ಸೇರಿ ಸುಮಾರು 2 ಯೂನಿಟ್, ತಿಂಗಳಿಗೆ 60. ಈಗ 150 ಯೂನಿಟ್ ಬಳಸುವ ಮನೆ 210ಕ್ಕೆ ಹೋಗುತ್ತದೆ. 200 ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. ದಾಟದಿದ್ದರೂ ನಿಮಗೆ ನಿಗದಿಯಾದ ಮಿತಿಗಿಂತ ಹೆಚ್ಚಿನದಕ್ಕೆ ದುಡ್ಡು ಕೊಡಬೇಕು. ಅಷ್ಟಾದರೂ ಅದೇ ದೂರಕ್ಕೆ ಪೆಟ್ರೋಲ್ ಬೈಕು ಕುಡಿಯುವ 30 ಲೀಟರಿಗಿಂತ ಇದು ಅಗ್ಗವೇ. ಆದರೆ ಸೊನ್ನೆ ಬರುತ್ತಿದ್ದ ಬಿಲ್ ಸಾವಿರ ದಾಟಿದಾಗ ಮನೆಯಲ್ಲಿ ಅಮ್ಮನಿಗೆ ಉತ್ತರ ಹೇಳಬೇಕಾದವರು ನೀವು.

ಬ್ಯಾಟರಿಯಲ್ಲಿ ಎರಡು ಜಾತಿ ಸಿಗುತ್ತವೆ. ಎನ್‌ಎಂಸಿ ಹಗುರ, ಅದೇ ತೂಕದಲ್ಲಿ ಜಾಸ್ತಿ ರೇಂಜ್. ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಬಿಸಿ ತಡೆಯುತ್ತದೆ, ಹೆಚ್ಚು ಸಲ ಚಾರ್ಜ್ ತಾಳುತ್ತದೆ. ಓಬೆನ್ ಬಳಸುವುದು ಎರಡನೆಯದನ್ನು. ರಾಯಚೂರು, ಕಲಬುರಗಿ ಕಡೆಯವರು ಕೇಳಿದರೆ ನಾನು ಎಲ್‌ಎಫ್‌ಪಿ ಕಡೆಗೇ ವಾಲುತ್ತೇನೆ. ಅದನ್ನು ಆಗಾಗ 100ರವರೆಗೆ ತುಂಬಿಸಬೇಕು, ಇಲ್ಲದಿದ್ದರೆ ಮೀಟರ್ ತೋರಿಸುವ ಪರ್ಸೆಂಟ್ ದಾರಿ ತಪ್ಪುತ್ತದೆ. ಎನ್‌ಎಂಸಿ ಆದರೆ ದಿನಬಳಕೆಗೆ 80-90ಕ್ಕೆ ನಿಲ್ಲಿಸಿ. ಎರಡಕ್ಕೂ ಒಂದೇ ಮಾತು: ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ. ಊಟ ಮುಗಿಸಿ ಹಾಕಿ. ಊರಿಗೆ ಹೋಗುವಾಗ ಅರ್ಧ ಚಾರ್ಜ್ ಇಟ್ಟು ಹೋಗಿ. ಬೈಕಿನೊಳಗಿನ ಸಿಮ್ಮು, ಜಿಪಿಎಸ್ಸು ಸುಮ್ನೆ ನಿಂತಾಗಲೂ ಕರೆಂಟ್ ಕುಡಿಯುತ್ತಿರುತ್ತವೆ. 5 ಪರ್ಸೆಂಟ್‌ನಲ್ಲಿ ಬಿಟ್ಟು ಒಂದೂವರೆ ತಿಂಗಳು ಹೋದವರ ಗಾಡಿಯನ್ನು ಆಮೇಲೆ ಟೆಂಪೋದಲ್ಲಿ ತರಿಸಬೇಕಾಯಿತು.

ಘಾಟಿಗೆ ಹೋಗುವವರಿಗೆ ಒಂದು ವಿಷಯ. ನಂದಿ ಬೆಟ್ಟ ಹತ್ತುವಾಗ 500 ಮೀಟರ್ ಏರಿಕೆಗಷ್ಟೇ ತಗಲುವುದು 0.4 ಯೂನಿಟ್, ಅದೇನು ದೊಡ್ಡದಲ್ಲ. ಇಳಿಯುವಾಗ ಹುಷಾರು. ಈ ಬೈಕುಗಳು ರೀಜೆನ್ ಮೂಲಕ ವೇಗ ತಗ್ಗಿಸುತ್ತವೆ. ಮೋಟರ್ ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುತ್ತದೆ. ಬ್ಯಾಟರಿಯೇ ತುಂಬಿದ್ದರೆ ಕರೆಂಟ್ ಎಲ್ಲಿಗೆ ಹೋಗಬೇಕು? ಜಾಗವಿಲ್ಲ, ಹಾಗಾಗಿ ರೀಜೆನ್ ಕೆಲಸ ಮಾಡುವುದಿಲ್ಲ ಅಥವಾ ತೀರಾ ಕಮ್ಮಿ ಮಾಡುತ್ತದೆ. ಕೊಟ್ಟಿಗೆಹಾರದ ಹತ್ತಿರ ಹೋಂಸ್ಟೇಯಲ್ಲಿ ರಾತ್ರಿ 100ಕ್ಕೆ ಚಾರ್ಜ್ ಮಾಡಿ, ಬೆಳಿಗ್ಗೆ ನೀರುದೋಸೆ ತಿಂದು ಚಾರ್ಮಾಡಿ ಇಳಿದರೆ ಹೀಗಾಗುತ್ತದೆ. 200 ಕಿಲೋ ಗಾಡಿ, ಮಳೆ, ಮಂಜು, ಎಂಜಿನ್ ಬ್ರೇಕ್ ಇಲ್ಲ. ಮೇಲಿನಿಂದ ಹೊರಡುವುದಾದರೆ 85ಕ್ಕೆ ಚಾರ್ಜ್ ನಿಲ್ಲಿಸಿ.

ಎಲೆಕ್ಟ್ರಿಕ್ ಗಾಡಿಗೆ ಸರ್ವಿಸೇ ಬೇಡ ಅನ್ನುವುದು ಶೋರೂಮಿನ ಮಾತು. ಆಯಿಲ್ ಬೇಡ, ನಿಜ. ಆದರೆ ಹಿಂದಿನ ಟೈರ್ ಬೇಗ ಸವೆಯುತ್ತದೆ, ಆ ಟಾರ್ಕಿಗೆ ಬೆಲೆ ತೆರುವುದು ಅದೇ. ಚೈನ್ ಇರುವ ಬೈಕಾದರೆ 500 ಕಿ.ಮೀ.ಗೊಮ್ಮೆ ಲ್ಯೂಬ್ ಬೇಕು. ಬ್ರೇಕ್ ಪ್ಯಾಡ್ ಉಲ್ಟಾ, ರೀಜೆನ್‌ನಿಂದ ಅಷ್ಟಾಗಿ ಸವೆಯುವುದಿಲ್ಲ. ಬಳಕೆ ಕಮ್ಮಿಯಾಗಿ, ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗುತ್ತದೆ. ವಾರಕ್ಕೆ ಒಂದೆರಡು ಸಲ ಬೇಕಂತಲೇ ಗಟ್ಟಿಯಾಗಿ ಬ್ರೇಕ್ ಹಾಕಿ. ನೀರು ತಡೆಯುತ್ತದೆ ಅನ್ನುವುದಕ್ಕೆ ಐಪಿ67 ಅಂತ ಬರೆದಿದೆ ಅಂದುಕೊಂಡು ಪ್ರೆಷರ್ ವಾಶ್ ಕೊಡಬೇಡಿ. ಆ ಪರೀಕ್ಷೆ ನಡೆಯುವುದು ಒಂದು ಮೀಟರ್ ಆಳದ ನಿಂತ ನೀರಿನಲ್ಲಿ, ಅರ್ಧ ಗಂಟೆ. ಜೆಟ್ ನೀರು ಕನೆಕ್ಟರ್ ಸಂದಿಗೆ ನುಗ್ಗುವುದು ಬೇರೆ ವಿಷಯ.

ಇನ್ನು ಮಕ್ಕಳಿರುವ ಮನೆಯವರು ಕೇಳಿ. ಗಾಡಿ ಆನ್ ಇದೆಯೋ ಆಫ್ ಇದೆಯೋ ಶಬ್ದದಿಂದ ಗೊತ್ತಾಗುವುದಿಲ್ಲ. ಗೇಟ್ ತೆಗೆಯಲು ಇಳಿಯುವಾಗಲೂ ಕಿಲ್ ಸ್ವಿಚ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಆಕ್ಸಿಲರೇಟರ್ ತಿರುಗಿಸುವುದು ಮಕ್ಕಳಿಗೆ ಆಟ.

ಈಚೆಗೆ ನೋಡಲು ಬೈಕಿನಂತೆಯೇ ಇರುವ ಕೆಲವು ಗಾಡಿಗಳನ್ನು ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ ಅಂತ ಮಾರುತ್ತಿದ್ದಾರೆ. ಆ ವಿನಾಯಿತಿ ಇರುವುದು 250 ವ್ಯಾಟ್‌ಗಿಂತ ಕಡಿಮೆ ಮೋಟರ್, ಗಂಟೆಗೆ 25 ಕಿ.ಮೀ. ಒಳಗಿನ ವೇಗದ ಗಾಡಿಗೆ ಮಾತ್ರ. ಒಂದು ವೈರ್ ಕಟ್ ಮಾಡಿದರೆ 60 ಹೋಗುತ್ತೆ ಅಂತ ಕಿವಿಯಲ್ಲಿ ಹೇಳುವವರೂ ಇದ್ದಾರೆ. ಕಟ್ ಮಾಡಿದ ಕ್ಷಣಕ್ಕೆ ಅದು ನಂಬರ್ ಪ್ಲೇಟ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟರ್ ವಾಹನ. ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಜೇಬಿನಿಂದ. ಅಂಥ ವೈರ್ ಕಟ್ ಮಾಡಲು ನನ್ನ ಹತ್ತಿರ ಬರಬೇಡಿ.

ಸರಿಯಾದ ಗಾಡಿಗೆ ಹಸಿರು ಪ್ಲೇಟ್, ಬಿಳಿ ಅಕ್ಷರ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸಿಸಿ ಬದಲು ಕಿಲೋವ್ಯಾಟ್ ಲೆಕ್ಕದಲ್ಲಿ ಬೀಳುತ್ತದೆ. 3, 7, 16 ಅಂತ ಹಂತಗಳಿವೆ, ಪವರ್ ಏರಿದಂತೆ ಪ್ರೀಮಿಯಂ ಏರುತ್ತದೆ. ಬ್ಯಾಟರಿ ವಾರಂಟಿಯಲ್ಲಿ ಎಷ್ಟು ವರ್ಷ ಅನ್ನುವುದಕ್ಕಿಂತ ಎಷ್ಟು ಪರ್ಸೆಂಟ್ ಆರೋಗ್ಯಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ ಅನ್ನುವುದನ್ನು ಕಾಗದದಲ್ಲಿ ನೋಡಿ. ವಾರಂಟಿ ಮುಗಿದ ಮೇಲೆ ಹೊಸ ಪ್ಯಾಕ್ ಬೆಲೆ ಎಷ್ಟು, ಪ್ಯಾಕಿನೊಳಗಿನ ಒಂದು ಭಾಗ (ಮಾಡ್ಯೂಲ್) ಮಾತ್ರ ರಿಪೇರಿ ಮಾಡುತ್ತಾರಾ, ಇದನ್ನೂ ಇವತ್ತೇ ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿ ಹೆಲ್ತ್ ರಿಪೋರ್ಟ್ ಜೊತೆ ಆ್ಯಪ್ ಅಕೌಂಟನ್ನೂ ಅಲ್ಲೇ ನಿಂತು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆರ್‌ಸಿ ಬದಲಾದರೆ ಸಾಲದು. ಒಂದು ಬೈಕು ನಮ್ಮ ಶೆಡ್ಡಿನಲ್ಲಿ ಮೂರು ವಾರ ನಿಂತಿತ್ತು. ಗಾಡಿಯಲ್ಲಿ ಏನೂ ತೊಂದರೆ ಇರಲಿಲ್ಲ. ಮಾರಿದವರು ಕೆನಡಾಕ್ಕೆ ಹೋಗಿದ್ದರು, ಅನ್‌ಲಾಕ್ ಮಾಡುವ ಒಟಿಪಿ ಅವರು ಬಿಟ್ಟುಹೋದ ಹಳೇ ನಂಬರಿಗೆ ಹೋಗುತ್ತಿತ್ತು.

ಬನಶಂಕರಿ ಹುಡುಗ ಮೊನ್ನೆ ಫೋನ್ ಮಾಡಿದ್ದ. ಬೈಕ್ ಇನ್ನೂ ಬುಕ್ ಮಾಡಿಲ್ಲ. ಓನರ್ ಆಂಟಿ ಒಪ್ಪಿದ್ದಾರಂತೆ, ಆದರೆ ತಮ್ಮ ಸ್ಕೂಟರಿಗೂ ಒಂದು ಪಾಯಿಂಟ್ ಹಾಕಿಸಿಕೊಡಬೇಕು ಅಂದಿದ್ದಾರಂತೆ. ಎಲೆಕ್ಟ್ರಿಷಿಯನ್ ನಂಬರ್ ಕೊಟ್ಟೆ.